ಬುಗುರಿಯ ಎಡಗಡೆ ಬಟನ್

ಶ್ರೀನಾಥ ಹಾಳಾಗಿ ಹೋಗಲಿ ಎಂದು ಎರಡು ವರ್ಷ ದಿನಕ್ಕೊಂದು ಸಲವಾದರೂ ಮನಸಾರೆ ಅಂದುಕೊಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಾಪದ ಹೆಂಗಸು ಎಂದುಕೊಂಡು ಕನಿಕರಪಡುವುದು ಬೇಡ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ, ಸಾರಿಗೆ ಉಪ್ಪು ಜಾಸ್ತಿಯಾದರೆ, ಲಿಫ್ಟು ಕೆಟ್ಟು ನಿಂತರೆ, ಸಿಟ್ಟು ಎಲ್ಲಿ ಹುಟ್ಟಿದರೂ ಕೊನೆಗೆ ಹೋಗಿ ಸೇರುತ್ತಿದ್ದದ್ದು ಅವನ ಹೆಸರಿಗೇ.

ನಾನು ಮಧುರಾ, ಮಂಡ್ಯದವಳು. ಅವನು ಮೈಸೂರಿನವನು. ಒಂದೇ ಇಂಜಿನಿಯರಿಂಗ್ ಕಾಲೇಜು, ಒಂದೇ ಬೆಂಚು, ಚೆನ್ನೈಗೆ ಬಂದಿದ್ದೂ ಒಂದೇ ವರ್ಷ. ಇಲ್ಲಿ ಹತ್ತು ವರ್ಷ ಬೇರೆಯವರ ಹತ್ತಿರ ದುಡಿದ ಮೇಲೆ ಇಬ್ಬರೂ ಸೇರಿ ಬುಗುರಿ ಮಾಡಿದೆವು. ಬುಗುರಿ ಎಂದರೆ ಎರಡು ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್. ಅದರೊಳಗೆ ಇದ್ದದ್ದು ನಮ್ಮ ಆಟಗಳು: ಕುಂಟೆಬಿಲ್ಲೆ, ಲಗೋರಿ, ಚೌಕಾಬಾರ. ಫೋನಿನಲ್ಲೇ ಲೋಕದ ಆಟವೆಲ್ಲ ಸಿಗುವಾಗ ಇದು ಯಾರಿಗೆ ಬೇಕು ಎಂದು ನಕ್ಕವರು ಬಹಳ. ಆದರೆ ಕೈಗೆ ಕೊಟ್ಟರೆ ಯಾರೂ ವಾಪಸು ಕೊಡುತ್ತಿರಲಿಲ್ಲ. ಬಟನ್ ಒತ್ತಿದರೆ ಬೆರಳಿಗೆ ಒಂದು ಸಣ್ಣ ಉತ್ತರ ಸಿಗಬೇಕು ಎಂದು ನಾನು ಎಂಟು ತಿಂಗಳು ರಬ್ಬರು ಬದಲಿಸಿ ಬದಲಿಸಿ ನೋಡಿದ್ದೆ. ಸರ್ಕ್ಯೂಟು ನನ್ನದು, ಬೋರ್ಡು ನನ್ನದು, ಬಟನ್ ನನ್ನದು. ಮಾತು ಮಾತ್ರ ಅವನದು. ಜನರ ಮುಂದೆ ನಿಂತು ಮಾತಾಡಲು ನನಗೆ ಬರುತ್ತಿರಲಿಲ್ಲ, ಅವನಿಗೆ ಬಾಯಿ ಮುಚ್ಚಲು ಬರುತ್ತಿರಲಿಲ್ಲ, ಹೊಂದಿಕೊಂಡು ಹೋಗುತ್ತಿದ್ದೆವು.

ಮೊದಲು ಇನ್ನೂರು ಪೀಸು ಮಾಡಿ ಪರಿಚಯದವರಿಗೆ ಹಂಚಿದೆವು. ಒಂದೂ ಕೆಡಲಿಲ್ಲ. ಆಮೇಲೆ ದೀಪಾವಳಿಗೆಂದು ದೊಡ್ಡ ಲಾಟು ಮಾಡಿದೆವು. ಅದು ಮಾರಾಟವಾಗಿ ಮೂರು ವಾರಕ್ಕೆ, ಕಾರ್ತಿಕದ ಮಳೆ ಹಿಡಿದಾಗ, ದೂರು ಶುರುವಾಯಿತು. ಎಡಗಡೆ ಬಟನ್ ಯಾರೂ ಮುಟ್ಟದಿದ್ದರೂ ತಾನೇ ಒತ್ತಿಕೊಳ್ಳುತ್ತಿತ್ತು. ಕುಂಟೆಬಿಲ್ಲೆಯ ಹುಡುಗಿ ಆಡುವವರ ಮಾತು ಕೇಳದೆ ಎಡಕ್ಕೇ ಕುಂಟಿ ಕುಂಟಿ ಗೆರೆ ದಾಟಿ ಔಟಾಗುತ್ತಿದ್ದಳು. ಜನ ಅದನ್ನು ವಿಡಿಯೋ ಮಾಡಿ ಹಾಕಿದರು, ಲಕ್ಷಗಟ್ಟಲೆ ಮಂದಿ ನೋಡಿ ನಕ್ಕರು. ಬುಗುರಿಯ ಹೆಸರು ಒಂದೇ ತಿಂಗಳಲ್ಲಿ ಮಣ್ಣುಪಾಲಾಯಿತು.

ಶ್ರೀನಾಥ ಒಂದು ಬೆಳಿಗ್ಗೆ ಇಡೀ ಆಫೀಸಿನ ಮುಂದೆ ನಿಂತು, "ಮಧುರಾ ಡಿಸೈನಲ್ಲೇ ತಪ್ಪಿದೆ. ನಾನು ನಂಬಿದ್ದೆ, ಮೋಸ ಹೋದೆ," ಎಂದ. ಮೋಸ ಎಂಬ ಮಾತನ್ನೇ ಬಳಸಿದ. ಕೆಟ್ಟ ಪೀಸುಗಳನ್ನು ಬಿಚ್ಚಿ ನೋಡುತ್ತೇನೆ, ಎರಡು ದಿನ ಕೊಡು ಎಂದು ಅಂಗಲಾಚಿದೆ. ಎಲ್ಲವನ್ನೂ ಪುಡಿ ಮಾಡಿಸಿಯಾಯಿತು ಎಂದ. ಸಂಜೆಯೊಳಗೆ ನನ್ನ ಪಾಸು ಕೆಲಸ ಮಾಡಲಿಲ್ಲ, ವಾಚ್‌ಮನ್ ನನ್ನ ಡಬ್ಬಿ, ಚಪ್ಪಲಿ ಎರಡನ್ನೂ ಗೇಟಿಗೆ ತಂದುಕೊಟ್ಟ. ಅಂದಿನಿಂದ ಈ ಊರಿನಲ್ಲಿ ಯಾರ ಹತ್ತಿರ ಕೆಲಸ ಕೇಳಿದರೂ ಎದುರಿಗೆ ಕೂತವರು ಮೊದಲು ಹೇಳುತ್ತಿದ್ದದ್ದು, "ಓ, ಆ ಎಡಗಡೆ ಬಟನ್ ಮೇಡಮ್ಮಾ?" ಕೊನೆಗೆ ಪ್ಯಾರೀಸ್ ಕಾರ್ನರಿನ ಒಂದು ಮೆಟ್ಟಿಲ ಕೆಳಗೆ ಎರಡಡಿ ಅಗಲದ ರಿಪೇರಿ ಕೌಂಟರು ಹಿಡಿದು ಫೋನು, ಬ್ಲೂಟೂತ್ ಸ್ಪೀಕರು ಸರಿಮಾಡಲು ಕೂತೆ.

ಅಲ್ಲಿಗೆ ಒಂದು ಸೋಮವಾರ ಜಯಲಕ್ಷ್ಮೀ ಮೇಡಂ ಫೋನು ಬಂತು.

ಅವರು ಬುಗುರಿಗೆ ಹಣ ಹಾಕಿದವರು. ಅರುವತ್ತೆಂಟು ವರ್ಷ. ಅವರ ತಂದೆ ಬ್ಯಾಂಕಿನ ಕೆಲಸಕ್ಕೆಂದು ತುಮಕೂರಿನಿಂದ ಮೈಲಾಪೂರಿಗೆ ಬಂದವರು. ಇವರು ಇಲ್ಲೇ ಹುಟ್ಟಿ ಬೆಳೆದು, ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಬರೀ ಕ್ಲೇಮು ಅರ್ಜಿ ನೋಡಿ ನಿವೃತ್ತರಾದವರು. ಸುಳ್ಳನ್ನು ವಾಸನೆಯಿಂದಲೇ ಹಿಡಿಯುತ್ತಾರೆ ಎಂದು ಶ್ರೀನಾಥನೇ ಹೆದರುತ್ತಿದ್ದ.

"ಮಧುರಾ, ನೋಡಮ್ಮಾ, ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಟೈಮಿಲ್ಲ. ಬುಗುರಿ ಹೋಗ್ತಾನೇ ಇಲ್ಲ. ಹಳೇದು ಬಿಟ್ಟು ಮೂರು ಸಲ ಡಿಸೈನ್ ಮಾತ್ಸಿದಾನೆ, ಆದ್ರೂ ಜನ ಕೇಳೋದು ಆ ಹಳೇ ಬಟನ್ ವಿಷಯಾನೇ. ಶುಕ್ರವಾರ ಮುಡಿವು ಮಾಡ್ತೀನಿ, ನಡೆಸೋದಾ ಮುಚ್ಚೋದಾ ಅಂತ. ಅಂದಿನ ಲಾಟಲ್ಲಿ ಹನ್ನೆರಡು ಪೀಸು ನಾನು ಕೇಳಿ ಎತ್ತಿಟ್ಕೊಂಡಿದ್ದೆ. ಕಳಿಸ್ತೀನಿ. ನೀನು ಮಾಡಿದ ಸಾಮಾನು, ನೀನೇ ನೋಡಿ ಹೇಳು. ಮೂಲದಲ್ಲೇ ಕೆಟ್ಟಿದ್ಯಾ, ಇಲ್ವಾ?"

"ಶ್ರೀನಾಥಂಗೆ ಗೊತ್ತಾ?"

"ನಾನೇನು ಅವನ್ನ ಕೇಳಿ ಉಸಿರಾಡ್ಬೇಕಾ?"

ಫೋನಿಟ್ಟ ಮೇಲೆ ನನಗೆ ಸಂತೋಷ ತಡೆಯಲಾಗಲಿಲ್ಲ. ಎರಡು ವರ್ಷ ಬೇಡಿಕೊಂಡಿದ್ದು ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಒಂದೇ ಸಾಲು ಬರೆದರೆ ಸಾಕು, ಮೂಲದಲ್ಲೇ ಕೆಟ್ಟಿದೆ ಎಂದು. ಬುಗುರಿ ಮುಚ್ಚುತ್ತದೆ, ಶ್ರೀನಾಥ ಬೀದಿಗೆ ಬರುತ್ತಾನೆ. ಆದರೆ ಆ ಸಾಲಿನ ಕೆಳಗೆ ಸಹಿ ನನ್ನದಿರಬೇಕು. ಅವನು ನನ್ನ ಮೇಲೆ ಹೊರಿಸಿದ್ದನ್ನು ನಾನೇ ಒಪ್ಪಿಕೊಂಡು ಅವನನ್ನು ಮುಳುಗಿಸಬೇಕು. ಅದೂ ಪರವಾಗಿಲ್ಲ ಎನ್ನುವಷ್ಟು ಉರಿ ನನ್ನಲ್ಲಿತ್ತು. ಮಂಗಳವಾರ ಡಬ್ಬ ಬಂದಾಗ ನಾನು ಬಿಚ್ಚಿ ನೋಡುವ ಮೊದಲೇ ಆ ಸಾಲನ್ನು ಬರೆದಿಟ್ಟಿದ್ದೆ.

ಆದರೂ ಬಿಚ್ಚಿದೆ. ಬಿಚ್ಚದೆ ಬರೆಯುವುದು ನನ್ನ ಕೈಯಲ್ಲಾಗದು, ಅದು ನಮ್ಮ ಕಸುಬಿನವರ ರೋಗ.

ನಾಲ್ಕು ಸ್ಕ್ರೂ ತೆಗೆದು, ಹಿಂಬದಿ ಎತ್ತಿ, ಬಟನ್ನಿನ ರಬ್ಬರನ್ನು ಚಿಮಟದಲ್ಲಿ ಸರಿಸಿದೆ. ಅದರ ಕೆಳಗೆ ಎಡಗಡೆ ಬಟನ್ನು ತಾಗುವ ಜಾಗದಲ್ಲಿ ತಾಮ್ರ ಹಸಿರಾಗಿ ಹೋಗಿತ್ತು. ಹಸಿರಿನ ಸುತ್ತ ಒಂದು ಕೆಂಪು ಅಂಚು. ತುಕ್ಕಿರಬೇಕು ಎಂದುಕೊಂಡೆ. ತಾಮ್ರಕ್ಕೆ ಕೆಂಪು ತುಕ್ಕು ಎಲ್ಲಿಂದ ಬರಬೇಕು? ಎರಡನೆಯದನ್ನು ಬಿಚ್ಚಿದೆ. ಅದೇ ಕೆಂಪು. ಹನ್ನೆರಡರಲ್ಲಿ ಹನ್ನೊಂದರಲ್ಲಿ ಕೆಂಪಿತ್ತು. ಸೂಜಿ ತುದಿಯಿಂದ ಸ್ವಲ್ಪ ಎತ್ತಿ ಬಿಳಿ ಕಾಗದದ ಮೇಲೆ ಹಾಕಿ ಉಜ್ಜಿದೆ. ಮೂಗಿನ ಹತ್ತಿರ ಹಿಡಿದರೆ, ಎರಡು ವರ್ಷ ಕಳೆದಿದ್ದರೂ, ಸಣ್ಣಗೆ ಗಂಧದ ವಾಸನೆ.

ಕುಂಕುಮ.

ಕೌಂಟರಿನ ಮುಂದೆ ಗಿರಾಕಿಯೊಬ್ಬರು ಚಾರ್ಜರು ಹಿಡಿದು ನಿಂತಿದ್ದರು. ಅವರ ಮುಂದೆಯೇ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಕಣ್ಣೀರು ಬಂತು. ಅವರು ಚಾರ್ಜರು ಕೌಂಟರಿನ ಮೇಲಿಟ್ಟು ನಾಳೆ ಬರುತ್ತೇನೆಂದು ಹೊರಟುಹೋದರು.

ಆಗಿದ್ದೇನೆಂದು ನನಗೆ ತಕ್ಷಣ ಹೊಳೆಯಿತು. ತಿರುವೊಟ್ಟಿಯೂರಿನ ನಮ್ಮ ಜೋಡಣೆ ಘಟಕದಲ್ಲಿ ಒಂದು ಜಿಗ್ ಇತ್ತು. ಜಿಗ್ ಎಂದರೆ ಬೋರ್ಡುಗಳನ್ನು ಪರೀಕ್ಷೆ ಮಾಡುವ ಪೆಟ್ಟಿಗೆ. ಬೋರ್ಡನ್ನು ಒಳಗಿಟ್ಟು ಹಿಡಿಕೆ ಒತ್ತಿದರೆ ಸ್ಪ್ರಿಂಗಿನ ಸಣ್ಣ ಪಿನ್ನುಗಳು ಬಂದು ಬಟನ್ನಿನ ಜಾಗಗಳನ್ನು ಮುಟ್ಟಿ ನೋಡುತ್ತವೆ. ಪ್ರತಿ ಬೆಳಿಗ್ಗೆ ನಾನೇ ಆ ಪಿನ್ನುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ, ಬೇರೆಯವರು ಮುಟ್ಟಿದರೆ ಜಗಳ ತೆಗೆಯುತ್ತಿದ್ದೆ. ಆ ವರ್ಷ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಪುರಿ, ಕಡಲೆ, ಬೆಲ್ಲ ತಿಂದು, ನಾನು ಮಧ್ಯಾಹ್ನದ ರೈಲಿಗೆ ಮಂಡ್ಯಕ್ಕೆ ಹೊರಟಿದ್ದೆ. ವಿಜಯದಶಮಿ ಕಳೆದು ವಾಪಸಾಗುವ ತನಕ ಲೈನು ಓಡಿಸಬೇಡ ಎಂದು ಶ್ರೀನಾಥನಿಗೆ ಹೇಳಿದ್ದೆ. ದೀಪಾವಳಿಗೆ ಹೊತ್ತಾಯಿತೆಂದು ಅವನು ಮರುದಿನವೇ ಓಡಿಸಿದ. ಜಿಗ್ಗಿಗೆ ಯಾರೋ ಬೊಟ್ಟು ಇಟ್ಟಿದ್ದಾರೆ. ಬೊಟ್ಟಿನ ಪುಡಿ ಪಿನ್ನಿಗಿಳಿದು, ಪಿನ್ನಿನಿಂದ ಒಂದೊಂದು ಬೋರ್ಡಿಗೂ ಹತ್ತಿದೆ. ಎ.ಸಿ. ಕೋಣೆಯಲ್ಲಿ ಒಣಗಿದ್ದ ಕುಂಕುಮ ಪರೀಕ್ಷೆ ಪಾಸು ಮಾಡಿತು. ಮಳೆಗಾಲದ ತೇವ ಹೀರಿದ್ದೇ ತಾಮ್ರ ತಿಂದು, ಬೆರಳು ಒತ್ತದೆಯೂ ಕರೆಂಟು ಹರಿಸತೊಡಗಿತು. ಪೂಜೆಗೆ ಮೊದಲಿನ ಇನ್ನೂರು ಪೀಸು ಇವತ್ತಿಗೂ ಓಡುತ್ತಿವೆ. ನನ್ನ ಡಿಸೈನಿನಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬರೆದಿಟ್ಟ ಸಾಲನ್ನು ಹರಿದು ಹಾಕಿದೆ. ಬೊಟ್ಟು ಇಟ್ಟಿದ್ದು ಶ್ರೀನಾಥನೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಪೂಜೆಯ ಫೋಟೋದಲ್ಲಿ ತಟ್ಟೆ ಹಿಡಿದು ಹಲ್ಲು ಬಿಟ್ಟು ನಿಂತವನು ಅವನೇ ತಾನೆ. ಅದನ್ನು ಖಚಿತಪಡಿಸಿಕೊಳ್ಳಲು ಗುರುವಾರ ಬೆಳಿಗ್ಗೆ ತಿರುವೊಟ್ಟಿಯೂರಿಗೆ ಹೋದೆ.

ಘಟಕದೊಳಗೆ ನನ್ನನ್ನು ಬಿಡುವುದಿಲ್ಲ. ಊಟದ ಹೊತ್ತಿಗೆ ಲೈನಿನ ಹೆಂಗಸರು ಎದುರಿನ ಬೇವಿನ ಮರದ ಕೆಳಗೆ ಬಂದು ಕೂರುತ್ತಾರೆಂದು ಗೊತ್ತಿತ್ತು. ಸಾಕಮ್ಮ ನನ್ನನ್ನು ನೋಡಿ ಡಬ್ಬಿ ಮುಚ್ಚಿ ಎದ್ದು ಬಂದಳು. ಸಾಕಮ್ಮ ಲೈನಿನ ಹಿರಿಯಳು. ಗಂಡ ರೈಲ್ವೆಯಲ್ಲಿದ್ದವನು, ಬಂಗಾರಪೇಟೆಯಿಂದ ಬಂದು ನಲವತ್ತು ವರ್ಷ. ಅವನು ತೀರಿಕೊಂಡ ಮೇಲೆ ಈ ಕೆಲಸದಲ್ಲೇ ಅವಳ ಮನೆ ನಡೆಯುತ್ತಿತ್ತು. ನನ್ನನ್ನು ಕಂಡರೆ ಅವಳಿಗೆ ಅಕ್ಕರೆ, ಕನ್ನಡ ಮಾತಾಡಲು ಸಿಗುತ್ತೇನೆಂದು.

"ಎನ್ನಮ್ಮಾ ಕಣ್ಣು, ಇಷ್ಟು ಇಳಿದೋಗಿದೀಯ? ಊಟ ಮಾಡ್ತೀಯೋ ಇಲ್ವೋ?"

ನಾನು ನೀರೂ ಕುಡಿಯದೆ ಕೇಳಿದೆ. "ಸಾಕಮ್ಮ, ಆ ವರ್ಷ ಆಯುಧಪೂಜೇಲಿ ಜಿಗ್ಗಿಗೆ ಕುಂಕುಮ ಇಟ್ಟಿದ್ಯಾರು?"

ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಮರದ ಬುಡಕ್ಕೆ ಕೂತುಬಿಟ್ಟಳು.

"ನಾನೇ ಇಟ್ಟೆ ಸಾಮಿ. ಎಲ್ಲಾ ಮೆಷಿನ್ನಿಗೂ ಇಟ್ಟು ಅದೊಂದನ್ನೇ ಬಿಟ್ರೆ ಚೆನ್ನಾಗಿರಲ್ವೇ ಅಂತ. ನೀನು ಮುಟ್ಬೇಡ ಅಂದಿದ್ದೆ, ಗೊತ್ತು. ನೀನು ಆಗ್ಲೇ ರೈಲಿಗೆ ಹೋಗಿದ್ದೆ. ಬಲಗಡೆ ಹಿಡಿಕೆ ಇತ್ತು, ಎಡಗಡೆ ಗಂಧ ಇಟ್ಟು ಅದರ ಮೇಲೆ ದೊಡ್ಡದಾಗಿ ಬೊಟ್ಟು ಇಟ್ಟೆ. ನಾಲ್ಕು ದಿನ ಕಳೆದು, ನೀನು ಊರಿಂದ ಬರೋ ಮುಂಚೆ ನೋಡ್ತೀನಿ, ಪಿನ್ನೆಲ್ಲಾ ಕೆಂಪು."

"ಯಾರಿಗೂ ಹೇಳ್ಲಿಲ್ವಾ?"

"ಹೇಳ್ದೆನಲ್ಲಾ! ಅವತ್ತೇ ಸಾರ್ ಹತ್ರ ಓಡೋದೆ. ಕೈ ಮುಗಿದು ಹೇಳ್ದೆ. ಸಾರ್ ಬೋರ್ಡು ತಿರುಗಿಸಿ ನೋಡಿದ್ರು. ಒರೆಸಿಬಿಡು, ಯಾರಿಗೂ ಹೇಳ್ಬೇಡ, ಹೇಳಿದ್ರೆ ನಿನ್ ಕೆಲಸ ಹೋಗುತ್ತೆ ಅಂದ್ರು. ಆಮೇಲೆ ನಿನ್ನ ಕಳಿಸಿಬಿಟ್ರು. ನನ್ನಿಂದ ಪಾವಂ ಈ ಪಿಳ್ಳೆ ಹೋಯ್ತಲ್ಲಾ ಅಂತ ಎಷ್ಟು ದಿನ ಅತ್ತಿದೀನಿ ಗೊತ್ತಾ."

ಅವನಿಗೆ ಗೊತ್ತಿತ್ತು. ದೂರು ಬರುವ ಮೊದಲೇ, ದೀಪಾವಳಿಗೆ ಪೀಸು ಅಂಗಡಿಗೆ ಹೋಗುವ ಮೊದಲೇ ಗೊತ್ತಿತ್ತು. ಬೋರ್ಡು ತೊಳೆಸಿದ್ದರೆ ಒಂದು ವಾರ ತಡವಾಗುತ್ತಿತ್ತು, ಅಷ್ಟೇ. ತೊಳೆಸದೆ ಕಳಿಸಿದ. ಕೆಟ್ಟಾಗ ಹೊರಿಸಲು ನನ್ನ ಬೆನ್ನು ಹುಡುಕಿಕೊಂಡ. ನಾನು ಎರಡು ವರ್ಷ ಅವನನ್ನು ದಡ್ಡ ಎಂದು ಬೈದಿದ್ದೆ, ದಡ್ಡನಾಗಿರಲಿಲ್ಲ ಅವನು.

"ಶುಕ್ರವಾರ ಮೇಡಂ ಮುಂದೆ ಬಂದು ಇದನ್ನ ಹೇಳ್ತೀಯಾ?"

ಸಾಕಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. "ಬೇಡ ಕಣ್ಣು. ಮಾಡಿದ್ದು ನಾನು ತಾನೆ. ನನ್ನೇ ಮೊದ್ಲು ಕಳಿಸ್ತಾರೆ. ಇನ್ನೆರಡು ವರ್ಷ ಹೋದ್ರೆ ಮೊಮ್ಮಗಳ ನರ್ಸಿಂಗ್ ಮುಗಿಯುತ್ತೆ. ನನ್ ಪೇರು ಎತ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ," ಎಂದೆ. ಮಾತು ಕೊಟ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಕುಂಕುಮ ತೋರಿಸಿದರೆ ನನ್ನ ಹೆಸರು ತೊಳೆದುಕೊಳ್ಳುತ್ತದೆ. ಆದರೆ ಡಿಸೈನು ಸರಿಯಿದೆ ಎಂದಾದ ಮೇಲೆ ಬುಗುರಿ ಉಳಿಯುತ್ತದೆ, ಬುಗುರಿ ಉಳಿದರೆ ಶ್ರೀನಾಥ ಉಳಿಯುತ್ತಾನೆ. ಅವನಿಗೆ ಗೊತ್ತಿತ್ತು ಎನ್ನುವುದಕ್ಕೆ ಸಾಕಮ್ಮನನ್ನು ಬಿಟ್ಟು ಬೇರೆ ಸಾಕ್ಷಿ ಇಲ್ಲ. ನನ್ನ ಮರ್ಯಾದೆ ನನಗೆ ಸಿಕ್ಕಿದರೂ ಅವನು ತನ್ನ ಕುರ್ಚಿಯಲ್ಲಿ ಹಾಗೇ ಕೂತಿರುತ್ತಾನೆ ಎಂದು ನೆನೆಯುತ್ತ ಇಳಿಯಬೇಕಾದ ಸ್ಟಾಪು ದಾಟಿ ಹೋದೆ.

ಶುಕ್ರವಾರ ಹತ್ತು ಗಂಟೆಗೆ ಮೈಲಾಪೂರಿನಲ್ಲಿ ಮೇಡಂ ಮನೆ. ಅವರಿಗೆ ಆಫೀಸುಗಳಲ್ಲಿ ನಂಬಿಕೆಯಿಲ್ಲ, ಏನಿದ್ದರೂ ಊಟದ ಮೇಜಿನ ಮೇಲೆಯೇ ತೀರ್ಮಾನ. ಶ್ರೀನಾಥ ಆಗಲೇ ಬಂದು ಕಾಫಿ ಕುಡಿಯುತ್ತಿದ್ದ. ಕೂದಲಿಗೆ ಬಣ್ಣ ಹಾಕಿಸಿದ್ದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅದನ್ನು ನೋಡಿ ನನಗೆ ಒಳ್ಳೆಯದೇ ಅನ್ನಿಸಿತು. ನನ್ನನ್ನು ಕಂಡು ಅವನ ಕೈಯ ಲೋಟ ತಟ್ಟೆಗೆ ತಗುಲಿ ಸದ್ದಾಯಿತು.

"ಇವಳನ್ನ ಯಾಕೆ ಕರೆಸಿದೀರಿ ಮೇಡಂ?"

"ಕಾಫಿ ಕುಡಿಪ್ಪಾ," ಎಂದರು ಮೇಡಂ. "ಮಧುರಾ, ಹೇಳಮ್ಮಾ."

ಹನ್ನೆರಡು ಬೋರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಭೂತಗನ್ನಡಿ ಕೊಟ್ಟು ಮೇಡಂಗೆ ಕೆಂಪು ತೋರಿಸಿದೆ. ಪೂಜೆ, ಜಿಗ್, ಪಿನ್ನು, ಮಳೆ, ಎಲ್ಲವನ್ನೂ ಹೇಳಿದೆ. ಪೂಜೆಗೆ ಮುಂಚಿನ ಇನ್ನೂರು ಪೀಸಿನಲ್ಲಿ ಎರಡನ್ನು ತಂದಿದ್ದೆ, ಚಾಲೂ ಮಾಡಿ ಕೈಗೆ ಕೊಟ್ಟೆ. ಮೇಡಂ ಕನ್ನಡಕ ಏರಿಸಿಕೊಂಡು ಕುಂಟೆಬಿಲ್ಲೆಯಲ್ಲಿ ಒಂದು ಮನೆ ಗೆದ್ದರು. "ನಾನು ಹೇಳಬೇಕಾದ್ದು ಇಷ್ಟೇ ಮೇಡಂ. ಮೂಲದಲ್ಲಿ ತಪ್ಪಿಲ್ಲ," ಎಂದೆ. ಎರಡು ವರ್ಷದ ಮೇಲೆ ಆ ಮಾತನ್ನು ನಾಲ್ಕು ಗೋಡೆಯ ಮಧ್ಯೆ ಗಟ್ಟಿಯಾಗಿ ಹೇಳಿದಾಗ ಎದೆ ಹಗುರವಾಯಿತು.

ಶ್ರೀನಾಥ ಬೋರ್ಡನ್ನು ಎತ್ತಿ ನೋಡಿದ. ಅವನ ಮುಖದಲ್ಲಿ ಮೊದಲು ಭಯ ಬಂತು, ಆಮೇಲೆ ಭಯ ಹೋಗಿ ಇನ್ನೊಂದು ಬಂತು. ಅವನ ಜೊತೆ ಇಷ್ಟು ವರ್ಷ ಇದ್ದವಳು ನಾನು, ಅದೇನೆಂದು ನನಗೆ ಗೊತ್ತಾಯಿತು. ಅವನಿಗೆ ದಾರಿ ಕಂಡಿತ್ತು.

"ಅಯ್ಯೋ ದೇವ್ರೇ," ಎಂದ. ಕಣ್ಣಲ್ಲಿ ನೀರು ಬೇರೆ. "ಆಯುಧಪೂಜೆ! ನಮಗೆ ಹೊಳೀಲೇ ಇಲ್ವಲ್ಲ ಮಧು. ಲೈನಲ್ಲಿ ಯಾರೋ ಹೆಂಗಸು ಹಚ್ಚಿರ್ತಾಳೆ. ನಾನು ಇವತ್ತೇ ವಿಚಾರಿಸ್ತೀನಿ ಮೇಡಂ, ಯಾರು ಅಂತ ಸಿಕ್ಕಿದ ಕೂಡ್ಲೇ ಮನೆಗೆ ಕಳಿಸ್ತೀನಿ. ಆದ್ರೆ ನೋಡಿ, ಇದು ನಮಗೆ ಒಳ್ಳೇ ಸುದ್ದಿ! ಹಳೇ ಡಿಸೈನೇ ಸರಿ ಅಂತಾಯ್ತಲ್ಲ. ಅದನ್ನೇ ಮತ್ತೆ ತರೋಣ. ಮಧು, ನಾವಿಬ್ರೂ ಅನುಭವಿಸಿದೀವಿ ಕಣೇ. ವಾಪಸ್ ಬಾ."

ವಾಪಸ್ ಬಾ. ಚಪ್ಪಲಿ ಗೇಟಿಗೆ ಕಳಿಸಿದವನು, ಕೈ ಚಾಚಿ, ವಾಪಸ್ ಬಾ. ನಾನು ಕಷ್ಟಪಟ್ಟು ಹುಡುಕಿ ತಂದ ಕುಂಕುಮದಲ್ಲಿ ಅವನು ತನ್ನ ಹಣೆಗೆ ತಿಲಕ ಇಟ್ಟುಕೊಳ್ಳುತ್ತಿದ್ದ. ಮೇಡಂ ಅವನತ್ತ ನೋಡಿ ತಲೆಯಾಡಿಸುತ್ತಿದ್ದರು. ಸಾಕಮ್ಮನನ್ನು ಅವನು ಸಂಜೆಯೊಳಗೆ ಹೊರಗೆ ಹಾಕುವುದು ಖಂಡಿತ ಎಂದೂ ನನಗೆ ತಿಳಿಯಿತು.

ಶ್ರೀನಾಥನ ಒಂದು ಸ್ವಭಾವ ನನಗೆ ಕಾಲೇಜಿನಿಂದ ಗೊತ್ತು. ತಾನು ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲ. ತನ್ನ ಮೇಲೆ ಬೇರೆಯವರು ಒಂದು ಸುಳ್ಳು ಹೇಳಿದರೆ ಮಾತ್ರ ಒಂದು ಗಳಿಗೆ ತಡೆದುಕೊಳ್ಳಲಾರ. ಪರೀಕ್ಷೆಯಲ್ಲಿ ಚೀಟಿ ಇಟ್ಟು ಬರೆದವನು, ಪಕ್ಕದವನನ್ನು ನೋಡಿ ಬರೆದೆ ಎಂದು ಮೇಷ್ಟ್ರು ಬೈದಾಗ ಎದ್ದು ನಿಂತು, ಇಲ್ಲ ಸಾರ್, ಚೀಟಿ ನೋಡಿ ಬರೆದೆ ಎಂದು ಹೇಳಿ ಸಿಕ್ಕಿಬಿದ್ದಿದ್ದ.

"ಯಾರನ್ನೂ ವಿಚಾರಿಸೋದು ಬೇಡ," ಎಂದೆ. "ಕುಂಕುಮ ಇಟ್ಟಿದ್ದು ನಾನು."

ಮೇಡಂ ಭೂತಗನ್ನಡಿ ಕೆಳಗಿಟ್ಟರು.

"ರೈಲು ಹತ್ತೋ ಅವಸರದಲ್ಲಿ ಇಟ್ಟು ಹೋದೆ. ಮಂಡ್ಯ ಸೇರಿದ ಮೇಲೆ ನೆನಪಾಯ್ತು. ಅಲ್ಲಿಂದ ಇವನಿಗೆ ಫೋನು ಮಾಡಿ ಹೇಳ್ದೆ, ಜಿಗ್ಗಲ್ಲಿ ಕುಂಕುಮ ಇದೆ, ಬೋರ್ಡು ತೊಳೆಸು, ತೊಳೆಸದೆ ಮಾರಬೇಡ ಅಂತ. ಆಯ್ತು ಅಂದ. ಗೊತ್ತಿದ್ದೂ ಮಾರಿದ."

"ಸುಳ್ಳು!" ಶ್ರೀನಾಥ ಕುರ್ಚಿ ತಳ್ಳಿ ಎದ್ದ. "ಸುಳ್ಳು ಮೇಡಂ, ಶುದ್ಧ ಸುಳ್ಳು! ಇವಳು ಫೋನೇ ಮಾಡಿಲ್ಲ. ನನಗೆ ಹೇಳಿದ್ದು ಇವಳಲ್ಲ, ಸಾಕಮ್ಮ!"

ಅವನ ಬಾಯಿ ಇನ್ನೂ ತೆರೆದಿತ್ತು. ತಾನು ಹೇಳಿದ್ದು ತನ್ನ ಕಿವಿಗೆ ತಲುಪಿದ ಗಳಿಗೆಯನ್ನು ನಾನು ಅವನ ಕಣ್ಣಲ್ಲಿ ನೋಡಿದೆ. ಆ ಮುಖವನ್ನು ನಾನು ಸಾಯುವತನಕ ಮರೆಯುವುದಿಲ್ಲ, ಮರೆಯುವ ಆಸೆಯೂ ಇಲ್ಲ. ಎರಡು ವರ್ಷದ ನನ್ನ ಉರಿಯೆಲ್ಲ ಒಂದೇ ಸಲ ತಣ್ಣಗಾಯಿತು. ಇಷ್ಟು ಸುಖ ನನಗೆ ಬುಗುರಿ ಮೊದಲ ಸಲ ಚಾಲೂ ಆದಾಗಲೂ ಆಗಿರಲಿಲ್ಲ.

"ಸಾಕಮ್ಮ ಯಾವಾಗ ಹೇಳಿದ್ದು?" ಮೇಡಂ ಮೆಲ್ಲಗೆ ಕೇಳಿದರು.

ಅವನು ಏನೇನೋ ಹೇಳಿದ. ದಿನ ಹೇಳಿದ, ಬದಲಾಯಿಸಿದ, ತನಗೆ ಆಗ ಅರ್ಥವಾಗಲಿಲ್ಲ ಎಂದ, ಅರ್ಥವಾಗಿದ್ದರೂ ಹೊತ್ತಿರಲಿಲ್ಲ ಎಂದ. ಮೂವತ್ತು ವರ್ಷ ಕ್ಲೇಮು ನೋಡಿದ ಹೆಂಗಸು ಗಲ್ಲಕ್ಕೆ ಕೈ ಕೊಟ್ಟು ಅವನು ಮುಗಿಸುವತನಕ ಕೇಳಿದರು. ಆಮೇಲೆ, "ಆ ಅಮ್ಮ ಮಾಡಿದ್ದು ತಪ್ಪು, ಆದ್ರೆ ಬಂದು ಹೇಳಿದಾಳೆ. ನೀನು ಹೋಗಪ್ಪಾ," ಎಂದರು. ಅವನು ಹೋದ. ಲೋಟದ ಕಾಫಿ ಅರ್ಧ ಉಳಿದಿತ್ತು.

ನಾನು ಬೋರ್ಡುಗಳನ್ನು ಡಬ್ಬಕ್ಕೆ ತುಂಬಲು ಶುರುಮಾಡಿದೆ.

"ನೀವು ಫೋನು ಮಾಡಿದ್ದು, ಕುಂಕುಮ ಇಟ್ಟಿದ್ದು, ಎರಡೂ ಸುಳ್ಳು ತಾನೆ?" ಎಂದರು ಮೇಡಂ. ಅಷ್ಟು ಹೊತ್ತು ನೀನು ಎನ್ನುತ್ತಿದ್ದವರು ನೀವು ಎಂದರು.

"ಸುಳ್ಳೇ ಮೇಡಂ. ಸತ್ಯ ಹೊರಡಿಸೋಕೆ ಹೇಳ್ದೆ."

"ಎದುರಿಗೆ ಕೂತು, ಕಣ್ಣಿಗೆ ಕಣ್ಣಿಟ್ಟು, ಎಷ್ಟು ಚೆನ್ನಾಗಿ ಹೇಳಿದ್ರಿ. ನಾನೂ ನಂಬಿದ್ದೆ." ಅವರು ಚಾಲೂ ಇದ್ದ ಬುಗುರಿಯನ್ನು ಆಫ್ ಮಾಡಿ ನನ್ನ ಕಡೆ ತಳ್ಳಿದರು. "ಬೆಳಿಗ್ಗೆ ಎದ್ದಾಗ ನನಗೆ ಸಾಮಾನಿನ ಮೇಲೆ ಸಂದೇಹ ಇತ್ತು, ಮನುಷ್ಯರ ಮೇಲೆ ಇರಲಿಲ್ಲ. ಈಗ ಸಾಮಾನು ಸರಿ ಅಂತ ಗೊತ್ತಾಯ್ತು. ಒಂದು ಮಾತು ಹೇಳ್ತೀನಿ ಕೇಳಿ. ಡಿಸೈನ್ ಸರಿಯಿದ್ರೆ ಅವನನ್ನ ಇಳಿಸಿ ನಿಮ್ಮ ಕೈಗೆ ಕೊಡಬೇಕು ಅಂತ ಮುಡಿವು ಮಾಡಿದ್ದೆ. ಪೇಪರ್ ಕೂಡ ಟೈಪ್ ಅಡಿಸಿ ಇಟ್ಟಿದೀನಿ. ನೀವು ಮೂಲದಲ್ಲಿ ತಪ್ಪಿಲ್ಲ ಅಂದ್ರಲ್ಲ, ಅಷ್ಟಕ್ಕೇ ಸುಮ್ನೆ ಇದ್ದಿದ್ರೆ ಸಾಕಿತ್ತು."

ನಾನು ಆ ಬುಗುರಿಯನ್ನೂ ಡಬ್ಬಕ್ಕೆ ಹಾಕಿದೆ.

"ಅವನ ಹತ್ರ ಇದ್ರೆ ಮುಚ್ಚಿಡ್ತಾನೆ. ನಿಮ್ಮ ಹತ್ರ ಕೊಟ್ರೆ, ನಾಳೆ ನಿಮಗೆ ಯಾರ ಮೇಲಾದ್ರೂ ಕೋಪ ಬಂದ್ರೆ, ನನ್ನ ಮುಂದೆ ಕೂತು ಏನು ಹೇಳ್ತೀರೋ ನಂಗೆ ತಿಳಿಯಲ್ಲ. ವಯಸ್ಸಾಯ್ತು, ಇನ್ನು ಯಾರನ್ನೂ ಕಾಯಕ್ಕೆ ನನ್ನಿಂದ ಆಗಲ್ಲ. ಮುಚ್ಚಿಬಿಡ್ತೀನಿ. ಇನ್ನೊಂದು ಕಾಫಿ ತಗೋತೀರಾ?"

ಬೇಡ ಎಂದು ಡಬ್ಬ ಎತ್ತಿಕೊಂಡು ಕೆಳಗಿಳಿದೆ. ರೈಲು ನಿಲ್ದಾಣದ ಮೆಟ್ಟಿಲು ಹತ್ತುತ್ತಿರುವಾಗ ಸಾಕಮ್ಮನ ಫೋನು ಬಂತು. ಹಿಂದೆ ಲೈನಿನ ಹೆಂಗಸರ ಗದ್ದಲ ಕೇಳುತ್ತಿತ್ತು.

"ಕಣ್ಣು, ಇವತ್ತು ಮುಡಿವು ಅಂತೆ, ಎಲ್ಲಾರೂ ಮಾತಾಡ್ತಾ ಇದಾರೆ. ನನ್ ಪೇರು ಬಂತಾ?"

"ಬಂತು. ನಾನು ಹೇಳ್ಲಿಲ್ಲ, ಅವನೇ ಹೇಳ್ದ. ತಪ್ಪು ಮಾಡಿದ್ರೂ ಬಂದು ಹೇಳಿದಾಳಲ್ಲ ಅಂದ್ರು ಮೇಡಂ."

"ಅಪ್ಪಾ ಮುರುಗಾ!" ಅವಳು ಅಳುತ್ತ ನಕ್ಕಳು. ಪಕ್ಕದವರಿಗೆ ತಮಿಳಿನಲ್ಲಿ ಏನೋ ಕೂಗಿ ಹೇಳಿದಳು, ಅವರೂ ನಕ್ಕರು. "ಹಂಗಾದ್ರೆ ಸೋಮವಾರ ಲೈನಿಗೆ ಬರೋದು ತಾನೆ?"

ನಾನು ಹೇಳಿದೆ. ಮುಚ್ಚುತ್ತಾರೆ ಎಂದೆ, ಶ್ರೀನಾಥನೂ ಮನೆಗೆ ಎಂದೆ, ನನ್ನ ಕೈಗೆ ಕೊಡಬೇಕೆಂದಿದ್ದರು, ಕೊಡಲಿಲ್ಲ ಎಂದೆ. ಯಾಕೆ ಎಂಬುದನ್ನೂ ಮುಚ್ಚಿಡಲಿಲ್ಲ. ಹಿಂದಿನ ಗದ್ದಲ ಹಾಗೇ ಇತ್ತು, ಅವರಿಗೆ ಇನ್ನೂ ಗೊತ್ತಿರಲಿಲ್ಲ.

"ಸಾರ್ ಮೊಗ ಹೆಂಗಾಯ್ತು?" ಎಂದು ಕೇಳಿದಳು ಸಾಕಮ್ಮ.

"ನೋಡ್ಬೇಕಿತ್ತು ನೀನು," ಎಂದೆ.

"ನಿನಗೆ ಬೇಕಾಗಿದ್ದು ಸಿಕ್ತಲ್ಲಾ ಕಣ್ಣು, ಬಿಡು," ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಸಿಕ್ಕಿತು ಎಂದೆ. ಸುಳ್ಳು ಹೇಳಲಿಲ್ಲ.